ಜಿಗಿಯೋ ಮಂಚ ಹಿಮದಾಗ ಬಂದು ನಿಂತ ಕಥಿ

ಟ್ರಾಂಪೊಲಿನ್ ಅಂದ್ರ ಏನು ಅಂತ ಈಗಿನ ನಮ್ಮ ಓಣಿ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ. ಜಾತ್ರ್ಯಾಗ, ಮಾಲಿನೊಳಗ ನೋಡ್ಯಾವ, ಜಿಗದಾವ. ನಮ್ಮ ವಯಸ್ಸಿನವರಿಗೆ ಹೇಳೋದಾದ್ರ, ಕಬ್ಬಿಣದ ಒಂದು ದೊಡ್ಡ ಬಳಿ, ಅದರ ನಡುವ ಬಿಗಿದ ಗಟ್ಟಿ ಅರಿವಿ, ಬಳಿಗೂ ಅರಿವಿಗೂ ನಡುವ ಸುತ್ತೂಕಡೆ ಸ್ಪ್ರಿಂಗು. ಮ್ಯಾಲೆ ನಿಂತು ಜಿಗಿದ್ರ ಅದು ನಮ್ಮನ್ನ ಇನ್ನೂ ಮ್ಯಾಲೆ ಒಗೀತದ. ಸಣ್ಣವರಿದ್ದಾಗ ಹೊಸದಾಗಿ ಬಿಗಿದ ನವಾರ ಮಂಚದ ಮ್ಯಾಲೆ ಜಿಗದು ಅಜ್ಜಿ ಕಡಿಂದ ಬೈಸಿಕೊಳ್ಳತಿದ್ವಲ್ಲ, ಅದರ ದೊಡ್ಡಣ್ಣ ಅಂತ ತಿಳೀರಿ.

ನನ್ನ ಮಗಳು ಇರೋದು ಅಮೇರಿಕಾದ ಅಯೋವಾ ರಾಜ್ಯದ ಸೀಡರ್ ರಾಪಿಡ್ಸ್ ಅನ್ನೋ ಊರಾಗ. ಮನಿ ತೊಗೊಂಡಾಗ ಹಿತ್ತಲದಾಗ ಹಳೇ ಮಾಲಕರು 14 ಫೂಟಿನ ಟ್ರಾಂಪೊಲಿನ್ ಹಂಗ ಬಿಟ್ಟು ಹೋಗಿದ್ರು. ಹೋದ ಸಲ ಚಳಿಗಾಲಕ್ಕ ಮೊದಲ ನಾನು ಅಲ್ಲೆ ಇದ್ದೆ, ಅದನ್ನ ಬಿಚ್ಚಿಡೋ ಕೆಲಸಕ್ಕ ನಾನೂ ಕೈ ಹಚ್ಚಿದೆ. ಫೋಟೋ ಕಳಿಸಿದಾಗ ನಮ್ಮ ವೈನಿ ಕೇಳಿದ್ರು, “ಮಂಡಿಮಟ ಹಿಮ ಬೀಳೋ ಊರಾಗ ಇಂಥಾದ್ದನ್ನ ಹೊರಗ ಯಾಕ ಇಡ್ತಾರ?” ಪ್ರಶ್ನೆ ಬರೋಬ್ಬರಿ ಅದ. ನಿಜ ಹೇಳಬೇಕಂದ್ರ ಇದು ಹೊರಗ ಇಡೋ ಸಾಮಾನ ಅಲ್ಲ. ಒಳಗ ಹುಟ್ಟಿದ್ದು, ಒಳಗ ಬೆಳದದ್ದು. ಹೊರಗ ಹೆಂಗ ಬಂತು ಅನ್ನೋದ ಅದರ ಇತಿಹಾಸ. ಅದರಾಗೂ ಒಂದು ಮಜಾ ಏನಂದ್ರ, ಅದು ಹುಟ್ಟಿದ್ದು ಜಗತ್ತಿನ ಯಾವದೋ ಮೂಲ್ಯಾಗಲ್ಲ, ಮಗಳು ಮನಿ ಮಾಡಿದ ಅದ ಸೀಡರ್ ರಾಪಿಡ್ಸಿನಾಗ.

ಮನುಷ್ಯಾಗ ಮ್ಯಾಲೆ ಹಾರೋ ಆಸೆ ಹೊಸದೇನಲ್ಲ. ಅಲಾಸ್ಕಾದ ಉತ್ತರ ತುದಿಯ ಇನ್ಯುಪಿಯಾಟ್ ಜನರು ತಿಮಿಂಗಿಲ ಬೇಟೆ ಕೈಗೂಡಿದ ವರ್ಷ ಜೂನ್ ತಿಂಗಳದಾಗ ನಲುಕತಾಕ್ ಅಂತ ಹಬ್ಬ ಮಾಡ್ತಾರ. ಸೀಲ್ ಪ್ರಾಣಿಯ ಚರ್ಮ ಹೊಲದು ದೊಡ್ಡ ಹಾಸು ಮಾಡಿ, ಊರ ಮಂದಿ ಸುತ್ತ ನಿಂತು ಅಂಚು ಹಿಡದು ಜಗ್ಗಿ, ನಡುವ ನಿಂತವರನ್ನ ಆಕಾಶಕ್ಕ ಒಗೀತಾರ. ಅಲ್ಲೆ ಸ್ಪ್ರಿಂಗ್ ಇಲ್ಲ, ಮಂದಿ ಕೈನ ಸ್ಪ್ರಿಂಗು. ಹಬ್ಬ ಮುಗಿದ ಮ್ಯಾಲೆ ಚರ್ಮ ಮಡಚಿ ಒಳಗ ಇಟ್ಟರಾತು, ಚಳಿಗಾಲದ ಚಿಂತಿ ಇಲ್ಲ.

ಈಗಿನ ಟ್ರಾಂಪೊಲಿನ್ ಮಾಡಿದಾತ ಜಾರ್ಜ್ ನಿಸ್ಸನ್. 1914ರಾಗ ಅಯೋವಾದ ಬ್ಲೇರ್ಸ್‌ಟೌನ್ ಅನ್ನೋ ಸಣ್ಣ ಊರಾಗ ಹುಟ್ಟಿದ. ಹುಡುಗ ಇದ್ದಾಗ ಸರ್ಕಸ್ ನೋಡಲಿಕ್ಕೆ ಹೋದ. ನಾವೂ ನೋಡಿಲ್ಲೇನು, ಮ್ಯಾಲಿನ ಜೋಕಾಲಿ ಆಟ ಮುಗದ ಕೂಡಲೆ ಆಟಗಾರರು ಒಬ್ಬೊಬ್ಬರ ಕೆಳಗಿನ ಬಲಿಯೊಳಗ ಬಿದ್ದು, ಚೆಂಡಿನಂಗ ಪುಟದು, ಎದ್ದು ಕೈ ಮಾಡ್ತಾರ. ನಾವು ಚಪ್ಪಾಳಿ ಬಡದು ಮನಿಗೆ ಬಂದ್ವಿ. ಆ ಹುಡುಗ ಆ ಪುಟಿಯೋದನ್ನ ತಲ್ಯಾಗ ಇಟಗೊಂಡು ಬಂದ. ಬಿದ್ದ ಮ್ಯಾಲೆ ಒಂದ ಸಲ ಯಾಕ, ಮತ್ತ ಮತ್ತ ಪುಟಿಯೋ ಹಂಗ ಮಾಡಿದ್ರ ಹೆಂಗ ಅಂತ 16ನೇ ವಯಸ್ಸಿಗೆ ಅಪ್ಪನ ಗ್ಯಾರೇಜಿನಾಗ ಕಬ್ಬಿಣದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಪ್ರಯೋಗ ಮಾಡಿದ. ಅಪ್ಪ ಅವ್ವ ಗ್ಯಾರೇಜು ಬಿಟ್ಟುಕೊಟ್ಟರಲ್ಲ ಅನ್ನೋದು ನನಗ ಅದಕ್ಕಿಂತ ದೊಡ್ಡ ಸಂಗತಿ ಅನಸ್ತದ.

ಮುಂದ ಅಯೋವಾ ವಿಶ್ವವಿದ್ಯಾಲಯದಾಗ ಓದಲಿಕ್ಕೆ ಹೋದ, ಅಲ್ಲೆ ಜಿಮ್ನಾಸ್ಟಿಕ್ಸ್ ಕಲಿಸೋ ಲ್ಯಾರಿ ಗ್ರಿಸ್‌ವಾಲ್ಡ್ ಸಿಕ್ಕ. ಇಬ್ಬರೂ ಕೂಡಿ 1934ರ ಸುಮಾರಿಗೆ ಕಬ್ಬಿಣದ ಪಟ್ಟಿ ಚೌಕಟ್ಟು, ಅಂಚಿಗೆ ಕಣ್ಣು ಹೊಡೆದ ಕ್ಯಾನ್ವಾಸು, ಸುತ್ತ ಸ್ಪ್ರಿಂಗು, ಇಂಥಾದ್ದೊಂದು ಕೂಡಿಸಿ ನಿಲ್ಲಿಸಿದ್ರು. ಅದಕ್ಕ ಇನ್ನೂ ಹೆಸರಿರಲಿಲ್ಲ. 1937ರಾಗ ನಿಸ್ಸನ್ ಇಬ್ಬರು ಗೆಳ್ಯಾರನ್ನ ಕರಕೊಂಡು ಕಸರತ್ತಿನ ಆಟ ತೋರಸ್ತ ಮೆಕ್ಸಿಕೋ ತನಕ ಹೋದ. ಸ್ಪ್ಯಾನಿಶ್ ಭಾಷಾದಾಗ ಈಜುಕೊಳದ ಜಿಗಿಹಲಗಿಗೆ ಟ್ರಾಂಪೊಲೀನ್ ಅಂತಾರ. ಆ ಮಾತು ಕಿವಿಗೆ ಬಿತ್ತು, ಹಿಡಿಸ್ತು, ಕೊನಿಗೊಂದು ಅಕ್ಷರ ಸೇರಿಸಿ ತನ್ನ ಮಾಲಿಗೆ ಹೆಸರಿಟ್ಟು ನೋಂದಣಿ ಮಾಡಿಸಿಬಿಟ್ಟ. ಅದು ಒಂದು ಕಂಪನಿಯ ಹೆಸರಾಗಿತ್ತು. ನಾವು ಎಲ್ಲಾ ವನಸ್ಪತಿಗೂ ಡಾಲ್ಡಾ ಅಂದಂಗ ಮಂದಿ ಎಲ್ಲಾದಕ್ಕೂ ಟ್ರಾಂಪೊಲಿನ್ ಅಂದು ಅಂದು, ಈಗ ಅದು ಯಾರ ಸೊತ್ತೂ ಅಲ್ಲ.

ಎರಡನೇ ಮಹಾಯುದ್ಧ ಶುರು ಆತು. ವಿಮಾನ ಹಾರಿಸೋ ಹುಡುಗರಿಗೆ ಗಾಳಿಯೊಳಗ ತಲಿ ಕೆಳಗಾದಾಗ ದಿಕ್ಕು ತಪ್ಪಬಾರದು. ಅದರ ಅಭ್ಯಾಸಕ್ಕ ಅಮೇರಿಕಾದ ಸೇನಾದವರು ಇದನ್ನ ತರಿಸಿದ್ರು. 1945ರಾಗ ನಿಸ್ಸನ್‌ಗ ಪೇಟೆಂಟೂ ಬಂತು. ಯುದ್ಧ ಮುಗಿದ ಮ್ಯಾಲೆ ಸಾಲಿ, ಕಾಲೇಜು ಎಲ್ಲಾ ಕಡೆ ಜಿಮ್ನಾಸ್ಟಿಕ್ಸ್ ಕೋಣ್ಯಾಗ ಟ್ರಾಂಪೊಲಿನ್ ಬಂದು ನಿಂತ್ವು. ನಿಸ್ಸನ್ ಭಾರೀ ವ್ಯಾಪಾರಸ್ಥ. 1960ರಾಗ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನೊಳಗ ಒಂದು ಕಾಂಗರೂ ಕೈ ಹಿಡಕೊಂಡು ಜಿಗಿದು ಫೋಟೋ ತಗಸಿದ. ಆ ಫೋಟೋ ಇಂಟರ್ನೆಟ್ಟಿನಾಗ ಸಿಗ್ತದ, ಮೊಮ್ಮಕ್ಕಳಿಗೆ ತೋರಸ್ರಿ, ಊಟ ಮಾಡಸಲಿಕ್ಕೆ ಉಪಯೋಗ ಬೀಳ್ತದ.

ಇಲ್ಲೊಂದು ಮಾತು ಗಮನಿಸಬೇಕು. ಆಗಿನ ಟ್ರಾಂಪೊಲಿನ್ ಹೆಚ್ಚಿನವು ಉದ್ದ ಚೌಕ. ಮಡಚಿ, ಗಾಲಿ ಮ್ಯಾಲೆ ನೂಕಿ, ಕೋಣಿ ಒಳಗ ಕೀಲಿ ಹಾಕಿಡೋವಂಥಾವು. ಮೊದಮೊದಲ ಅರಿವಿ ಕ್ಯಾನ್ವಾಸಿಂದು, ಅಂದ್ರ ಹತ್ತಿದು, ಮಳಿಯಾಗ ಬಿಟ್ಟರ ಕೊಳೀತದ. ಆಮ್ಯಾಲೆ ನೈಲಾನ್ ಪಟ್ಟಿ ಹೆಣೆದ ಹಾಸು ಬಂತು. ಜಿಗಿಯೋ ಮುಂದ ಮಾಸ್ತರು ಹತ್ತಿರ ಇರ್ತಿದ್ರು, ನಾಕೂ ಕಡೆ ಹುಡುಗರು ಕೈ ಮುಂದ ಮಾಡಿ ಹಿಡಿಯಲಿಕ್ಕೆ ನಿಂತಿರ್ತಿದ್ರು, ಒಂದ ಸಲಕ್ಕ ಒಬ್ಬರ ಮ್ಯಾಲೆ. ಕೆಲಸ ಮುಗದ್ರ ಮಡಚಿ ಒಳಗ. ಚಳಿಗಾಲ, ಬ್ಯಾಸಿಗಿ ಎರಡೂ ಒಂದ ಅದಕ್ಕ.

ಇದು ಮೊದಲ ಹೊಚ್ಚಲ ದಾಟಿದ್ದು 1959–60ರ ಸುಮಾರಿಗೆ. ರಸ್ತಾ ಬಾಜೂ ಬಯಲಿನಾಗ ತಗ್ಗು ತೋಡಿ, ಅದರ ಮ್ಯಾಲೆ ನೆಲಕ್ಕ ಸಮ ಟ್ರಾಂಪೊಲಿನ್ ಬಿಗಿದು, ರೊಕ್ಕ ಕೊಟ್ಟವರನ್ನ ಜಿಗಿಯಲಿಕ್ಕೆ ಬಿಡೋ ಅಂಗಡಿಗಳು ಅಮೇರಿಕಾದ ತುಂಬ ಎದ್ವು. ದೊಡ್ಡವರು, ಸಣ್ಣವರು, ಅಂಗಿ ಪ್ಯಾಂಟು ತೊಟ್ಟ ಆಫೀಸಿನವರು ಎಲ್ಲಾರೂ. ಕಲಿಸೋರು ಯಾರೂ ಇಲ್ಲ. ಕೈಕಾಲು ಮುರದ್ವು, ಕುತ್ತಿಗಿಗೆ ಪೆಟ್ಟಾದ್ವು, ಕೋರ್ಟಿಗೆ ಹೋದ್ರು, ಸ್ವಲ್ಪ ದಿನದಾಗ ಅಂಗಡಿ ಮುಚ್ಚಿದ್ವು.

1977ರಾಗ ಅಮೇರಿಕಾದ ಮಕ್ಕಳ ವೈದ್ಯರ ಸಂಘದವರು, ಅಮೇರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಸಾಲಿ ಆಟದ ಪಾಠದಿಂದ ಟ್ರಾಂಪೊಲಿನ್ ತಗೀರಿ ಅಂದ್ರು. ಕುತ್ತಿಗಿ ಎಲುಬಿಗೆ ಪೆಟ್ಟು ಬಿದ್ದು ಜೀವನಪೂರ್ತಿ ಹಾಸಿಗಿ ಹಿಡಿದ ಹುಡುಗರನ್ನ ನೋಡಿ ಹೇಳಿದ ಮಾತದು. ಸಾಲಿಯವರು ಕೋರ್ಟಿನ ಅಂಜಿಕಿಗೂ ಹೌದು, ಇನ್ಶೂರೆನ್ಸಿನ ಖರ್ಚಿಗೂ ಹೌದು, ಒಂದೊಂದ ತಗದು ಬಿಟ್ಟರು. ಇನ್ನ ಟ್ರಾಂಪೊಲಿನ್ ಕಥಿ ಮುಗೀತು ಅಂದಕೋಬೇಕು. ಆದ್ರ ಆದದ್ದು ಬ್ಯಾರೆ. ಸಾಲಿಯಿಂದ ಹೋದದ್ದು ಮನಿ ಹಿತ್ತಲಕ್ಕ ಬಂತು! 1990ರ ನಂತರ ಅಗ್ಗದ, ದುಂಡನ್ನ, ಪೈಪ್ ಜೋಡಿಸೋ ಟ್ರಾಂಪೊಲಿನ್ ಅಂಗಡ್ಯಾಗ ರಾಶಿ ಬಿದ್ದು, ಡಬ್ಬಿಯೊಳಗ ಮನಿಗೆ ಬರಲಿಕ್ಕೆ ಹತ್ತಿದ್ವು. ಮಾಸ್ತರಿಲ್ಲ, ಹಿಡಿಯೋರಿಲ್ಲ, ಕೀಲಿ ಇಲ್ಲ. ಅವ್ವ ಅಡಗಿ ಮನ್ಯಾಗ, ಹುಡುಗರು ನಾಕ ನಾಕ ಮಂದಿ ಮ್ಯಾಲೆ. 1996ರೊಳಗ ಅಮೇರಿಕಾದಾಗ ಒಂದ ವರ್ಷಕ್ಕ ಸುಮಾರು 83,400 ಮಂದಿಗೆ ಟ್ರಾಂಪೊಲಿನ್ನಿಂದ ಪೆಟ್ಟಾತು ಅಂತ ಲೆಕ್ಕ. 1999ರಾಗ ಅದ ವೈದ್ಯರ ಸಂಘ, ಮನ್ಯಾಗ ಇದು ಬ್ಯಾಡೇ ಬ್ಯಾಡ ಅಂದ್ರು. 2012ರಾಗ ಮತ್ತೊಮ್ಮೆ ಅದನ್ನ ಹೇಳಿದ್ರು.

ನಡುವ ಹುಷಾರಿ ಮಾಡಿದವರೂ ಇದ್ದಾರ. ಸುತ್ತ ಎತ್ತರಕ್ಕ ಬಲಿ ಕಟ್ಟೋದು 1990ರ ದಶಕದ ಕೊನಿಗೆ ಬಂತು. ನ್ಯೂಝಿಲೆಂಡಿನ ಕ್ರೈಸ್ಟ್‌ಚರ್ಚಿನಾಗ ಕೀತ್ ಅಲೆಕ್ಸಾಂಡರ್ ಅಂತ ಇಂಜಿನಿಯರು, ಮಗಳಿಗೆ ಟ್ರಾಂಪೊಲಿನ್ ತರೂಣು ಅಂದಾಗ ಹೆಂಡತಿ ಅಪಾಯ ಅದ, ಬ್ಯಾಡ ಅಂದ್ಲಂತ. ಆತ ಸುಮ್ಮನ ಕೂಡಲಿಲ್ಲ. ಸ್ಪ್ರಿಂಗ ಇಲ್ಲದ, ಹಾಸಿನ ಕೆಳಗ ಫೈಬರ್‌ಗ್ಲಾಸ್ ಕಡ್ಡಿ ನಿಂತು ಹಿಡಿಯೋ ಟ್ರಾಂಪೊಲಿನ್ ಕಂಡುಹಿಡಿಯಲಿಕ್ಕೆ ವರ್ಷಗಟ್ಟಲೆ ಕೂತ. ಮಗಳು ಅಷ್ಟೊತ್ತಿಗೆ ದೊಡ್ಡಾಕಿ ಆಗಿರಬೇಕು. ಹೆಂಡತಿ ಬ್ಯಾಡ ಅಂದ ಒಂದು ಮಾತಿನಿಂದ ಒಂದು ಕಾರಖಾನಿ ನಿಂತಿತು ಅಂತ ನಾನು ಮನ್ಯಾಗ ಹೇಳಿದ್ರ ನಮ್ಮವರು ಪೇಪರಿನಿಂದ ಮಾರಿ ಎತ್ತಲಿಲ್ಲ.

ಇಷ್ಟಾತು ನೋಡ್ರಿ, ವೈನಿ ಪ್ರಶ್ನೆಗೆ ಉತ್ತರ. ಒಳಗಿನ ಸಾಮಾನ ಹೊರಗ ಬಂತು, ಬಂದ ಮ್ಯಾಲೆ ಬಿಸಲು, ಮಳಿ, ಹಿಮ ಎಲ್ಲಾದಕ್ಕೂ ಮೈ ಕೊಡಬೇಕಾತು. ಅದಕ್ಕ ಅದರ ಮೈನ ಬದಲಾತು. ಹಾಸು ಈಗ ಪಾಲಿಪ್ರೊಪಿಲೀನ್ ನೂಲಿಂದು, ನಮ್ಮ ಗೊಬ್ಬರ ಚೀಲದ್ದ ಜಾತಿ, ಬಿಸಲು ತಡಿಯಲಿಕ್ಕೆ ಕರೇ ಬಣ್ಣ ಬೆರೆಸಿದ್ದು. ಕಬ್ಬಿಣಕ್ಕ ಸತುವಿನ ಲೇಪ. ಇಷ್ಟು ಮಾಡಿದ್ರೂ ಹೊರಗಿನ ವಸ್ತು ಹೊರಗಿಂದ. ಅಯೋವಾದ ಚಳಿ ಅಂದ್ರ ಬೆಳಗಾವಿ ಚಳಿ ಅಲ್ಲ. 2019ರ ಜನವರಿ ಕೊನಿಗೆ ಅಲ್ಲೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ಸಿಗೂ ಕೆಳಗ ಇಳದಿತ್ತು. ಆ ಥಂಡಿಗೆ ಪಾಲಿಪ್ರೊಪಿಲೀನ್ ಬಿರುಸಾಗ್ತದ, ಜಿಗಿದ್ರ ಹರೀತದ.

ಹಿಮದ ಭಾರ ನಾವು ಅಂದಾಜು ಮಾಡಂಗಿಲ್ಲ. ಹತ್ತಿಯಂಗ ಕಾಣಸ್ತದ, ಹಗರ ಅನಸ್ತದ. ಮಗಳು ಲೆಕ್ಕ ಹಾಕಿ ತೋರಿಸಿದ್ಲು. ಹೊಸಾ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕಿಲೊ. 14 ಫೂಟಿನ ಬಳಿಯೊಳಗ ಹಾಸು ಹತ್ತ ಚದರ ಮೀಟರಿಗೆ ಸ್ವಲ್ಪ ಮ್ಯಾಲೆ. ಒಂದು ಫೂಟು ಹಿಮ ಬಿತ್ತು ಅಂದ್ರ 300 ಕಿಲೊ, 50 ಕಿಲೋದ ಆರು ಅಕ್ಕಿ ಚೀಲ! ಅರ್ಧ ಕರಗಿ ಹಸಿ ಆತಂದ್ರ ಅದರ ಎರಡು ಪಟ್ಟೂ ಆಗ್ತದ. ಹುಡುಗ ಜಿಗಿದ್ರ ಭಾರ ಬಂದು ಹೋಗ್ತದ, ಹಿಮ ಹಗಲು ರಾತ್ರಿ ಕೂತ ಇರ್ತದ. ಸ್ಪ್ರಿಂಗ್ ಜಗ್ಗಿದ್ದು ಜಗ್ಗಿದಂಗ ಇದ್ದು ಸೋತು ಹೋಗ್ತಾವ, ನವಾರ ಮಂಚ ಜೋಲು ಬಿದ್ದಂಗ. ನವಾರ ಮತ್ತ ಬಿಗೀಬಹುದು, ಸೋತ ಸ್ಪ್ರಿಂಗ್ ಒಗಿಯೋದ.

ಕೆಲವರು ಬಿಚ್ಚದ ಮ್ಯಾಲೊಂದು ಹೊದಿಕಿ ಹಾಕಿ ಬಿಡ್ತಾರ. ಹೊದಿಕಿ ಎಲಿ, ಕಸ, ಬಿಸಲು ತಡೀತದ ಖರೆ, ಹಿಮದ ಭಾರ ಹೆಂಗ ತಡದೀತು? ನೀರು ಇಳಿಯಲಿಕ್ಕೆ ನಡುವ ತೂತು ಇಲ್ಲದ ಹೊದಿಕಿ ಇನ್ನೂ ವಜ್ಜಿ, ನೀರು ನಿಂತು ಬೂಸರು ಹಿಡೀತದ. ಹಾಸು ಹಂಗ ಬಿಡೋದಾದ್ರ ಹಿಮ ಬಿದ್ದಾಗೊಮ್ಮೆ ಮೆತ್ತನ್ನ ಕಸಬರಿಗಿಲೆ ತಗೀಬೇಕು. ಸಲಿಕಿ ಹಚ್ಚಬಾರದು, ನೂಲು ಕೊಯ್ತದ. ಅಲ್ಲೆ ರಸ್ತಾದ ಮ್ಯಾಲಿನ ಹಿಮ ಕರಗಸಲಿಕ್ಕೆ ಉಪ್ಪು ಉಗ್ಗತಾರ, ಅದನ್ನ ಇಲ್ಲಿ ಮಾತ್ರ ತರಬಾರದು, ಒಂದ ಚಳಿಗಾಲಕ್ಕ ಕಬ್ಬಿಣ ತುಕ್ಕು ತಿಂತದ.

ನಾವು ಪೂರ್ತಿ ಬಿಚ್ಚಿದ್ವಿ. ಅಕ್ಟೋಬರ್ ಮುಗಿಯೋ ಹೊತ್ತಿಗೆ, ಎಲಿ ಉದುರಿ ಮೊದಲನೇ ಹಿಮ ಬೀಳೋ ಮುಂಚೆ, ಒಂದು ಒಣಾ ದಿನ ನೋಡಿ. ಎಲ್ಲಾಕಿಂತ ಮೊದಲ ಏಣಿ ತಗದ್ವಿ. ಏಣಿ ಇಲ್ಲಂದ್ರ ಸಣ್ಣ ಹುಡುಗರು ನಮ್ಮ ಕಣ್ಣು ತಪ್ಪಿಸಿ ಹತ್ತಂಗಿಲ್ಲ. ಆಮ್ಯಾಲೆ ಬಲಿ, ಆಮ್ಯಾಲೆ ಸ್ಪ್ರಿಂಗ್ ಮುಚ್ಚೋ ಸ್ಪಂಜಿನ ಪಟ್ಟಿ. ಸ್ಪಂಜು ನೀರು ಕುಡದು ಹೆಪ್ಪುಗಟ್ಟಿದ್ರ ಮ್ಯಾಲಿನ ರೆಕ್ಸಿನ್ ಬಿರಿತದ, ಅದಕ್ಕ ಅದು ಮೊದಲ ಒಳಗ ಹೋಗಬೇಕು. ಸ್ಪ್ರಿಂಗ್ ಬಿಚ್ಚೋದರಾಗ ಒಂದು ಪದ್ಧತಿ ಅದ. ಒಂದ ಕಡಿಂದ ಸಾಲಾಗಿ ಬಿಚ್ಚಿಕೋತ ಹೋದ್ರ ಉಳದವುಗಳ ಮ್ಯಾಲೆ ಜಗ್ಗಾಟ ಬಿದ್ದು ಬಳಿ ಸೊಟ್ಟ ಆಗ್ತದ. ಇಲ್ಲೊಂದು ಬಿಚ್ಚಿದ್ರ ಎದುರಿಗಿಂದೊಂದು, ಹಂಗ ಎದುರಾಬದುರು. ಟಿ ಆಕಾರದ ಕೊಕ್ಕಿ ಒಂದು ಸಿಗ್ತದ, ಅದರಲೆ ಜಗ್ಗಬೇಕು, ಕೈಗವಸು ಹಾಕ್ಕೊಂಡ. ಕೈಯಿಂದ ತಪ್ಪಿದ ಸ್ಪ್ರಿಂಗ್ ಎಲ್ಲಿ ಬಡೀತದ ಹೇಳಾಕ ಬರಂಗಿಲ್ಲ. ಒಟ್ಟು 96. ಒಂದೊಂದ ಒರಸಿ, ಅರಿವ್ಯಾಗ ಒಂದ ಹನಿ ಮಶೀನ್ ಎಣ್ಣಿ ಹಾಕಿ ಸವರಿ, ಬಕೀಟಿನಾಗ ಇಟ್ಟೆ. ಶಾವಗಿ ಎಣಿಸಿದಂಗ ಎಣಿಸಿದೆ ಅಂತ ಅಳಿಯ ನಕ್ಕ.

ಹಾಸು ಸಾಬೂನಿನ ನೀರಿಲೆ ತೊಳದು, ಪೂರ್ತಿ ಒಣಗಿಸಿ, ಮಡಚದ ಚಾಪಿ ಸುತ್ತಿದಂಗ ಸುತ್ತಿದ್ವಿ, ಮಡಿಕಿ ಬಿದ್ದಲ್ಲಿ ನೂಲು ಮುರೀತಾವ. ಬಲಿಗೆ ಇಲಿ ಕಾಟ, ಚಳಿಗಾಲದಾಗ ಗೂಡಿಗೆ ಮೆತ್ತನ್ನದು ಹುಡುಕ್ತಾವ, ಮುಚ್ಚಳ ಇರೋ ಡಬ್ಬಿಯೊಳಗ ಹಾಕಬೇಕು. ನಾನು ನುಸಿಗುಳಿಗಿ ಒಗೀತೀನಿ ಅಂದೆ, ಹುಡುಗ ಇರೋ ಮನ್ಯಾಗ ಬ್ಯಾಡ ಅಂದ್ಲು ಮಗಳು. ಬೇವಿನ ಸೊಪ್ಪು ಅಂದೆ. ಅಯೋವಾದಾಗ ಬೇವು ಎಲ್ಲಿಂದ ತರೋದು, ಅಲ್ಲಿಗೇ ಬಿಟ್ಟೆ.

ಬಳಿ ಮತ್ತ ಕಾಲು ಮಾತ್ರ ಹೊರಗ ಉಳದ್ವು. ಪೈಪಿನೊಳಗ ನೀರು ನಿಂತು ಹೆಪ್ಪುಗಟ್ಟಿದ್ರ ನೀರು ಹಿಗ್ಗಿ ಬೆಸಿಗಿ ಬಿಡ್ತದ, ಅದಕ್ಕ ಕೆಳಗಿನ ತೂತು ಕಸ ತಗದು ಖುಲ್ಲಾ ಮಾಡಿದ್ವಿ. ಸತು ಕೆತ್ತಿ ಹೋದಲ್ಲಿ ತುಕ್ಕು ಉಜ್ಜಿ, ಸತುವಿನ ಬಣ್ಣ ಹಚ್ಚಿದ್ವಿ. ನೆಲಕ್ಕ ಬಿಗಿಯೋ ತಿರುಪಿನ ಗೂಟ ಆಗಲೇ ಹೊಡೀಬೇಕು. ಡಿಸೆಂಬರಿಗೆ ಅಲ್ಲಿಯ ನೆಲ ಕಲ್ಲಾಗ್ತದ, ಹಾರಿಯೂ ಇಳಿಯಂಗಿಲ್ಲ.

ಗೂಟದ ಮಹತ್ವ ಆ ಊರವರಿಗೆ ಹೇಳಬೇಕಾಗಿಲ್ಲ. 2020ರ ಆಗಸ್ಟ್ 10ಕ್ಕ ಸೀಡರ್ ರಾಪಿಡ್ಸಿಗೆ ಬಂದ ಬಿರುಗಾಳಿಗೆ ಡೆರೇಚೊ ಅಂತಾರ. ಗಾಳಿ ತಾಸಿಗೆ 140 ಮೈಲಿತನಕ ಹೋಗಿತ್ತು ಅಂತ ಅಂದಾಜು, ಅಂದ್ರ 225 ಕಿಲೋಮೀಟರ್. ಊರಿನ ಗಿಡಗಳ ನೆಳ್ಳು ಅರ್ಧಕ್ಕಿಂತ ಹೆಚ್ಚು ಒಂದ ಮಧ್ಯಾಹ್ನದಾಗ ಹೋತು. ಬಾಜೂ ಮನಿ ಅಜ್ಜಿ ಹೇಳಿದ್ರು, ಅವರ ಮೊಮ್ಮಕ್ಕಳ ಟ್ರಾಂಪೊಲಿನ್ ಮೂರನೇ ಮನಿ ಮಾಡಿನ ಮ್ಯಾಲೆ ಸಿಕ್ಕಿತಂತ. ಚಳಿಗಾಲದ ಗಾಳಿ ಅಷ್ಟಿಲ್ಲ, ಆದ್ರ ಬಲಿ ಕಟ್ಟಿದ್ದು ಬಿಟ್ಟರ ಅದು ಹಡಗದ ಹಾಯಿ ಆಗ್ತದ. ಇನ್ನೊಂದು ಚಂದದ ಮಾತು ಹೇಳ್ತೀನಿ. ಡೆರೇಚೊ ಅನ್ನೋದೂ ಸ್ಪ್ಯಾನಿಶ್ ಶಬ್ದ, ನೆಟ್ಟಗ ಅಂತ ಅರ್ಥ. ಆ ಹೆಸರು ಕೊಟ್ಟಾತ ಗುಸ್ತಾವಸ್ ಹಿನ್ರಿಕ್ಸ್ ಅಂತ ಅಯೋವಾದ ವಿಜ್ಞಾನಿ, 1888ರಾಗ. ಜಿಗಿಯೋದಕ್ಕೂ ಸ್ಪ್ಯಾನಿಶ್ ಹೆಸರು, ಅದನ್ನ ಹಾರಿಸಿಕೊಂಡು ಹೋಗೋದಕ್ಕೂ ಸ್ಪ್ಯಾನಿಶ್ ಹೆಸರು, ಎರಡೂ ಇಟ್ಟವರು ಅಯೋವಾದವರು.

ಇನ್ನ ಮನಿಯೊಳಗಿನ ಮಾತು. ಮೊಮ್ಮಗಗ ಆಗ ಐದೂವರಿ ವರ್ಷ. ಬಿಚ್ಚಿದ್ದನ್ನ ಮತ್ತ ಕಟ್ಟಬೇಕೋ ಬ್ಯಾಡೋ ಅಂತ ಚಳಿಗಾಲದ ತುಂಬ ಮಗಳು ಅಳಿಯನ ನಡುವ ನಡೀತು. ಮಕ್ಕಳ ಡಾಕ್ಟರು ಬ್ಯಾಡ ಅಂದ್ರು. ಮನಿ ಇನ್ಶೂರೆನ್ಸಿನವರು ಫೋನ್ ಮಾಡಿ, ಹಿತ್ತಲದಾಗ ಟ್ರಾಂಪೊಲಿನ್ ಅದನೋ ಹೆಂಗ ಅಂತ ಕೇಳಿದ್ರು. ಅಳಿಯಂದು ಒಂದ ಮಾತು, ಬಲಿ ಅದಲ್ಲ, ಏನಾಗ್ತದ ಅಂತ. ನಾನು ಅಡ್ಡ ಬಾಯಿ ಹಾಕಬಾರದು ಅಂತ ಸುಮ್ಮನಿದ್ದೆ, ಆದ್ರ ಓದಿದ್ದನ್ನ ಹೇಳದ ಇರಲಿಕ್ಕಾಗಲಿಲ್ಲ. ಪೆಟ್ಟು ನಾಕರಾಗ ಮೂರು ಪಾಲು ಆಗೋದು ಕೆಳಗ ಬಿದ್ದಲ್ಲ, ಒಂದಕ್ಕಿಂತ ಹೆಚ್ಚು ಮಂದಿ ಕೂಡಿ ಜಿಗಿದಾಗ. ದೊಡ್ಡವ ಇಳದಾಗ ಹಾಸು ಮ್ಯಾಲೆ ಎದ್ದು ಸಣ್ಣವನ್ನ ಒಗೀತದ. ಅವಗ ತನ್ನ ತೂಕದ್ದಲ್ಲ, ದೊಡ್ಡವನ ತೂಕದ ಪೆಟ್ಟು ಬೀಳ್ತದ. ಬಲಿ ಅದಕ್ಕ ಏನ ಮಾಡೀತು? ಆರು ವರ್ಷದೊಳಗಿನವರ ಎಲುಬಿಗೆ ಅದು ಭಾಳ ಆತು. ಪಲ್ಟಿ ಅಂತೂ ಯಾವ ವಯಸ್ಸಿಗೂ ಬ್ಯಾಡ, ಕುತ್ತಿಗಿ ಹೋಗೋದು ಅದರಾಗ.

ಬಾಜೂ ಮನಿಯ ಇಬ್ಬರು ಹುಡುಗರು ಒಂಬತ್ತು, ಹನ್ನೊಂದು ವರ್ಷದವರು, ಇವನ್ನ ಭಾಳ ಹಚ್ಚಿಕೊಂಡಾವ, ಮೂರೂ ಕೂಡಿ ಹತ್ತೋವು. ಅದ ನನ್ನ ಎದಿ ಝಲ್ ಅನ್ನೋದು. ಮಗಳು ಮೊದಲ ಮಾರಿಬಿಡೂಣು ಅಂದ್ಲು. ಆಮ್ಯಾಲೆ ಆಕಿನ ಅಂದ್ಲು, ಮಾರಿದ್ರ ಇನ್ನೊಬ್ಬರ ಹಿತ್ತಲಕ್ಕ ಹೋಗ್ತದ, ನಮ್ಮ ಹುಡುಗ ಅಲ್ಲಿ ಹೋಗಿ ಜಿಗೀತಾನ, ನಮಗ ಗೊತ್ತೂ ಆಗಂಗಿಲ್ಲ. ಆ ಮಾತಿನಾಗ ತಿರುಳದ ಅನಸ್ತು ನನಗ. ಕಡೀಕ ಆದದ್ದು ಇಷ್ಟು. ಮೇ ತಿಂಗಳದಾಗ ಅವಗ ಆರು ತುಂಬೋ ತನಕ ಕಟ್ಟಂಗಿಲ್ಲ. ಕಟ್ಟಿದ ಮ್ಯಾಲೆ ಒಬ್ಬರ ನಂತರ ಒಬ್ಬರು, ಪಲ್ಟಿ ಇಲ್ಲ, ದೊಡ್ಡವರು ಒಬ್ಬರು ಹೊರಗ ಕುರ್ಚಿ ಹಾಕ್ಕೊಂಡು ಕೂಡಬೇಕು, ಎದ್ದು ಹೋಗೋದಾದ್ರ ಏಣಿ ತಗದು ಒಳಗ ಒಯ್ಯಬೇಕು. ಬಾಜೂ ಮನಿ ತಾಯಿ ಕೂಡ ಹೂಂ ಅಂದ್ಲು. ನಿಸ್ಸನ್ ಕಾಲದ ಸಾಲಿಯೊಳಗ ಇದ್ದ ನಿಯಮನ ಇವೆಲ್ಲಾ, ಹಿತ್ತಲಕ್ಕ ಬರೋ ಮುಂದ ದಾರ್‍ಯಾಗ ಬಿದ್ದು ಹೋಗಿದ್ವು.

ನಿಸ್ಸನ್ 2010ರಾಗ 96ನೇ ವಯಸ್ಸಿಗೆ ತೀರಿಕೊಂಡ. ಅದಕ್ಕಿಂತ ಹತ್ತು ವರ್ಷ ಮೊದಲ, 2000ದಾಗ ಸಿಡ್ನಿ ಒಲಿಂಪಿಕ್ಸಿನೊಳಗ ಟ್ರಾಂಪೊಲಿನ್ ಸೇರಿದ್ದನ್ನ ಕಣ್ಣಾರೆ ಕಂಡ. ಗಂಡಸರದೂ ಹೆಂಗಸರದೂ ಮೊದಲನೇ ಚಿನ್ನ ರಶಿಯಾದವರಿಗೆ ಹೋತು.

ಮಾರ್ಚಿನಾಗ ನಾನು ಧಾರವಾಡಕ್ಕ ಹೊರಡೋ ಮುಂದ ಬಕೀಟು ತಗದು ನೋಡಿದೆ. ಆರು ಸ್ಪ್ರಿಂಗ್ ಕೊಕ್ಕಿ ಬಿಚ್ಚಿಕೊಂಡು ಉದ್ದ ಆಗಿದ್ವು, ಹಳೇ ಮಾಲಕರು ಹಿಮದಾಗ ಬಿಟ್ಟ ಗುರುತು. ಬ್ಯಾರೆ ಸ್ಪ್ರಿಂಗಿನ ಸಮ ಇಟ್ಟು ನೋಡಿದ್ರ ತಿಳೀತದ, ಸುತ್ತಿನ ನಡುವ ಬೆಳಕು ಕಾಣಸ್ತದ. ಅವನ್ನ ಬ್ಯಾರೆ ಕಟ್ಟಿ, ಅದ ಅಳತಿಯವು ತರಸು ಅಂತ ಚೀಟಿ ಹಚ್ಚಿ ಬಂದೀನಿ. ಹೋದ ರವಿವಾರ ಫೋನಿನಾಗ ಮೊಮ್ಮಗ ಎಣಿಸಿ ತೋರಿಸಿದ. 90ಕ್ಕ ಬಂದು ನಿಂತು, “ಅಜ್ಜಿ, ಇನ್ನ ಆರು ಪೋಸ್ಟಿನಾಗ ಬರಬೇಕು” ಅಂದ.